ನಡುವೆ ನಿಲ್ಲುವವರು: ಶಿಕ್ಷಣ, ಪೌರತ್ವ ಮತ್ತು ಸಾಮಾಜಿಕ ಮಧ್ಯಸ್ಥಿಕೆ



2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ನಾಲ್ಕು ಕಲಮುಗಳಿಂದ ಮಾತು ಆರಂಭಿಸುತ್ತೇನೆ. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶ ನಿರಾಕರಿಸಬಾರದು ಎನ್ನುತ್ತದೆ 14ನೆಯ ಕಲಮು. ಹಿಂದಿನ ಶಾಲೆಯ ವರ್ಗಾವಣೆ ಪತ್ರ ತಡವಾಯಿತೆಂದು ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ ಎನ್ನುತ್ತದೆ 5ನೆಯದು. ಪ್ರವೇಶದ ಅವಧಿ ಮುಗಿದ ಮೇಲೆ ಬಂದರೂ ಸೇರಿಸಿಕೊಳ್ಳಬೇಕೆಂಬುದು 15ನೆಯದು. ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಯಲ್ಲೇ ಕೂರಿಸಬೇಕು, ತಪ್ಪಿಹೋದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು ಎಂಬುದು 4ನೆಯದು. ಈ ನಾಲ್ಕನ್ನೂ ಒಟ್ಟಿಗೆ ಓದಿದರೆ, ಸುಗ್ಗಿ ಮುಗಿಸಿ ಕಲಬುರಗಿಯಿಂದಲೋ ಯಾದಗಿರಿಯಿಂದಲೋ ಕಟ್ಟಡ ಕೆಲಸಕ್ಕೆ ಬಂದು ಧಾರಾವಿಯ ಖೋಲಿಯೊಂದರಲ್ಲಿ ಇಳಿದುಕೊಂಡ ಕುಟುಂಬದ ಮಗುವಿಗೆ ಮುಂಬೈ ಮಹಾನಗರಪಾಲಿಕೆಯ ಶಾಲೆಯ ಬಾಗಿಲು ವರ್ಷದ ಯಾವ ದಿನವಾದರೂ ತೆರೆದಿರಲೇಬೇಕು. ಆದರೆ ತಂದೆಗೆ ಕಾಯಿದೆ ತಿಳಿದಿಲ್ಲ. ತಾಯಿಗೆ ಮರಾಠಿ ಬಾರದು. ಶಾಲೆಯ ಕಚೇರಿಯಲ್ಲಿ ಕೂತವರಿಗೆ ಈ ಕುಟುಂಬದ ಕನ್ನಡ ಬಾರದು, ಬಂದರೂ ಜೂನ್ ತಿಂಗಳಲ್ಲೇ ಹಾಜರಿ ಪುಸ್ತಕ ಕಟ್ಟಿಯಾಗಿದೆ. ಹಕ್ಕು ಇದೆ, ಮಗುವೂ ಇದೆ, ನಡುವೆ ಯಾರೂ ಇಲ್ಲ. ಈ ನಡುವಿನ ಜಾಗವೇ ನನ್ನ ಇಂದಿನ ವಿಷಯ.

ಮಧ್ಯಸ್ಥಿಕೆ ಎಂದಾಕ್ಷಣ ಜಗಳ ಬಿಡಿಸುವುದು, ಪಂಚಾಯಿತಿ ಮಾಡುವುದು ನೆನಪಾಗುತ್ತದೆ. ನಾನು ಇನ್ನೂ ಅಗಲವಾದ ಅರ್ಥದಲ್ಲಿ ಹೇಳುತ್ತಿದ್ದೇನೆ. ವ್ಯಕ್ತಿಗೂ ಸಂಸ್ಥೆಗೂ ನಡುವೆ, ಒಂದು ಸಮುದಾಯಕ್ಕೂ ಇನ್ನೊಂದಕ್ಕೂ ನಡುವೆ ನಿಂತು ಇಬ್ಬರ ಮಾತೂ ಇಬ್ಬರಿಗೂ ತಲುಪುವಂತೆ ಮಾಡುವ ಎಲ್ಲ ಕೆಲಸವೂ ಸಾಮಾಜಿಕ ಮಧ್ಯಸ್ಥಿಕೆಯೇ. ಇದಕ್ಕೆ ಒಂದು ಅಳತೆಗೋಲು ಬೇಕು. ರಷ್ಯದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ ಸುಮಾರು ತೊಂಬತ್ತು ವರ್ಷಗಳ ಹಿಂದೆ ಮಕ್ಕಳ ಕಲಿಕೆಯ ಬಗ್ಗೆ ಹೇಳಿದ ಮಾತಿನಲ್ಲಿ ಅದು ಸಿಗುತ್ತದೆ: ಮಗು ಇಂದು ಬಲ್ಲವರ ನೆರವಿನಿಂದ ಮಾಡುವುದನ್ನು ನಾಳೆ ತಾನೇ ಮಾಡಬಲ್ಲದು, ಕಲಿಕೆ ನಡೆಯುವುದು ಆ ಅಂತರದಲ್ಲಿ. ಪೌರತ್ವಕ್ಕೂ ಇದನ್ನೇ ಅನ್ವಯಿಸಬಹುದು ಎಂಬುದು ನನ್ನ ವಾದ. ನಡುವೆ ನಿಂತವರಿಂದಾಗಿ ಆಚೆಯವರು ನಾಳೆ ತಾವೇ ಮಾತಾಡಬಲ್ಲವರಾದರೆ ಅದು ಒಳ್ಳೆಯ ಮಧ್ಯಸ್ಥಿಕೆ. ಪ್ರತಿ ಸಲವೂ ನಡುವೆ ನಿಂತವರನ್ನೇ ಹುಡುಕಿಕೊಂಡು ಬರುವಂತಾದರೆ ಅದು ದಲ್ಲಾಳಿತನ. ಮುಂಬೈ ಎರಡನ್ನೂ ಕಂಡಿದೆ, ಮುಂಬೈ ಕನ್ನಡಿಗರೂ ಕಂಡಿದ್ದಾರೆ.

ದಲ್ಲಾಳಿತನದ ದೊಡ್ಡ ದಾಖಲೆ ಇಲ್ಲಿನ ಬಟ್ಟೆ ಗಿರಣಿಗಳಲ್ಲಿದೆ. ಗಿರಣಿಗೆ ಆಳು ತರುತ್ತಿದ್ದವನು ಜಾಬರ್. ಊರಿನಿಂದ ಬಂದವನಿಗೆ ಕೆಲಸ ಕೊಡಿಸುವವನು, ಚಾಳಿನಲ್ಲಿ ಮಲಗಲು ಜಾಗ ತೋರಿಸುವವನು, ಕೈಗಡ ಕೊಡುವವನು ಎಲ್ಲ ಅವನೇ. ಅವನಿಲ್ಲದೆ ಕೊಂಕಣದ ರೈತನ ಮಗನಿಗೆ ಈ ನಗರದಲ್ಲಿ ಕಾಲಿಡಲು ಆಗುತ್ತಿರಲಿಲ್ಲ. ಇತಿಹಾಸಕಾರ ರಾಜನಾರಾಯಣ ಚಂದಾವರ್‌ಕರ್ ಮುಂಬೈ ಕಾರ್ಮಿಕರ ಬಗ್ಗೆ ಬರೆದ ಗ್ರಂಥಗಳಲ್ಲಿ ಜಾಬರ್ ಸರ್ವಾಧಿಕಾರಿಯಾಗಿರಲಿಲ್ಲ, ಅವನೂ ಕಾರ್ಮಿಕರ ಒಪ್ಪಿಗೆಯನ್ನು ಅವಲಂಬಿಸಿದ್ದ ಎಂದು ತೋರಿಸಿದ್ದಾರೆ. ಆ ಸೂಕ್ಷ್ಮವನ್ನು ನಾನು ಒಪ್ಪುತ್ತೇನೆ. ಆದರೂ 1929ರಲ್ಲಿ ನೇಮಕವಾದ ರಾಯಲ್ ಕಾರ್ಮಿಕ ಆಯೋಗ ಜಾಬರ್‌ಗಳು ಪಡೆಯುತ್ತಿದ್ದ ಲಂಚವನ್ನು, ಅವರ ಹಿಡಿತವನ್ನು ಕಟುವಾಗಿ ಟೀಕಿಸಿತು ಎಂಬುದೂ ನಿಜ. ಇಂದು ಗಿರಣಿಗಳಿಲ್ಲ, ಆ ಪದ್ಧತಿ ಉಳಿದಿದೆ. ನಾಕಾದಲ್ಲಿ ಬೆಳಿಗ್ಗೆ ಕೆಲಸಕ್ಕಾಗಿ ಕಾಯುವ ಕಟ್ಟಡ ಕಾರ್ಮಿಕ ಕಲ್ಯಾಣ ಮಂಡಳಿಯ ಸೌಲಭ್ಯ ಪಡೆಯಬೇಕಾದರೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದದ್ದಕ್ಕೆ ಸಾಕ್ಷ್ಯ ತೋರಿಸಬೇಕು. ದಿನಕ್ಕೊಬ್ಬ ಗುತ್ತಿಗೆದಾರನ ಬಳಿ ದುಡಿಯುವವನು ಯಾರ ಸಹಿ ತರಬೇಕು? ಆ ಸಹಿ ಯಾರ ಕೈಯಲ್ಲಿದೆಯೋ ಅವನ ಕೈಯಲ್ಲೇ ಕಾರ್ಮಿಕನ ಪೌರತ್ವದ ಒಂದು ಪಾಲೂ ಇದೆ.

ಇದಕ್ಕೆ ಎದುರಾಗಿ ಮುಂಬೈ ಕನ್ನಡಿಗರು ಕಟ್ಟಿದ ಸಂಸ್ಥೆ ರಾತ್ರಿ ಶಾಲೆ. ರಾತ್ರಿ ಶಾಲೆಯ ಕಲ್ಪನೆ ನಮ್ಮದಲ್ಲ, ಜೋತಿರಾವ್ ಫುಲೆ ದಂಪತಿಗಳು 1855ರಲ್ಲೇ ಪುಣೆಯಲ್ಲಿ ದುಡಿಯುವವರಿಗಾಗಿ ರಾತ್ರಿ ಶಾಲೆ ತೆರೆದಿದ್ದರು, ಮುಂಬೈಯಲ್ಲಿ ನಾ.ಮ. ಜೋಶಿಯವರು 1911ರಲ್ಲಿ ಸ್ಥಾಪಿಸಿದ ಸೋಶಿಯಲ್ ಸರ್ವಿಸ್ ಲೀಗ್ ಕಾರ್ಮಿಕರಿಗೆ ರಾತ್ರಿ ತರಗತಿ, ವಾಚನಾಲಯಗಳನ್ನು ನಡೆಸಿತು. ಆದರೆ ದಕ್ಷಿಣ ಕನ್ನಡದಿಂದ ಹೊಟೇಲು, ಕ್ಯಾಂಟೀನುಗಳ ಕೆಲಸಕ್ಕೆ ಬಂದ ಹುಡುಗರ ಪಾಲಿಗೆ ಅದನ್ನು ತಂದುಕೊಟ್ಟವರು ನಮ್ಮ ಸಂಘಗಳು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿ ಶಾಲೆ, 1932ರಲ್ಲಿ ಹುಟ್ಟಿದ ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಪ್ರೌಢಶಾಲೆ, ಕೋಟೆ ಪ್ರದೇಶದ ಇತರ ಕನ್ನಡ ರಾತ್ರಿ ಶಾಲೆಗಳು ಎರಡು ಮೂರು ತಲೆಮಾರುಗಳನ್ನು ಓದಿಸಿದವು. ಪೇಟೆಯಲ್ಲಿ ಲೋಟ ತೊಳೆಯುತ್ತಿದ್ದವರು ಮೆಟ್ರಿಕ್ ಮುಗಿಸಿ ಬ್ಯಾಂಕು, ರೈಲ್ವೆ, ಪಾಲಿಕೆಗಳಲ್ಲಿ ಕೆಲಸ ಹಿಡಿದರು. ಕೆಲವರು ವಕೀಲರಾದರು, ಕೆಲವರು ತಮ್ಮದೇ ಹೊಟೇಲು ಹಾಕಿದರು. ಇದು ನಮಗೆಲ್ಲ ಗೊತ್ತಿರುವ ಕಥೆ, ವಾರ್ಷಿಕೋತ್ಸವದ ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುವ ಕಥೆ. ಅದರೊಳಗಿನ ವ್ಯವಹಾರವನ್ನು ಮಾತ್ರ ನಾವು ಅಷ್ಟಾಗಿ ಗಮನಿಸಿಲ್ಲ.

ಹೊಟೇಲಿನ ದಿನ ಬೆಳಗಿನ ಜಾವಕ್ಕೆ ಶುರುವಾಗಿ ರಾತ್ರಿ ಮುಗಿಯುತ್ತದೆ. ಸಂಜೆಯ ಗಿರಾಕಿ ತುಂಬುವ ಹೊತ್ತಿಗೇ ಹುಡುಗ ಪುಸ್ತಕ ಹಿಡಿದು ಹೊರಡಬೇಕು. ಗಲ್ಲೆಯಲ್ಲಿ ಕೂತ ಮಾಲೀಕನ ಒಪ್ಪಿಗೆಯಿಲ್ಲದೆ ಅದು ಸಾಧ್ಯವೇ ಇರಲಿಲ್ಲ. ಆ ಒಪ್ಪಿಗೆ ಬಂದದ್ದು ಕಾನೂನಿನಿಂದಲ್ಲ. ಸಂಘದ ಹಿರಿಯರು ಹೇಳಿದ ಮಾತನ್ನು ಅದೇ ಊರಿನ, ಅದೇ ಸಂಘದ ಮಾಲೀಕ ತೆಗೆದುಹಾಕುವುದು ಕಷ್ಟವಾಗಿತ್ತು. ಇತ್ತ ಊರಿನಲ್ಲಿ ಮನಿಯಾರ್ಡರಿಗಾಗಿ ಕಾಯುವ ತಾಯಿತಂದೆಗೂ, ಓದುವ ಆಸೆಯ ಮಗನಿಗೂ ನಡುವೆ ಆ ಶಾಲೆಯೇ ನಿಂತಿತ್ತು. ಹಗಲು ಬೇರೆ ಕಡೆ ಪಾಠ ಮಾಡಿ, ಇಲ್ಲವೆ ಕಚೇರಿಯಲ್ಲಿ ದುಡಿದು ಸಂಜೆ ಬರುತ್ತಿದ್ದ ಮಾಸ್ತರರು ಬೀಜಗಣಿತದ ಜೊತೆಗೆ ಅರ್ಜಿ ಬರೆಯುವುದನ್ನೂ ಕಲಿಸಿದರು. ಕನ್ನಡದಲ್ಲಿ ಕಲಿತ ಹುಡುಗ ಮರಾಠಿ, ಹಿಂದಿ, ಇಂಗ್ಲಿಷುಗಳ ನಗರಕ್ಕೆ ಹೆದರದೆ ಇಳಿದ. ಮತ್ತೆ ಅವರಲ್ಲೇ ಎಷ್ಟೋ ಮಂದಿ ಸಂಘದ ಪದಾಧಿಕಾರಿಗಳಾಗಿ, ಶಾಲೆಯ ಕಾರ್ಯದರ್ಶಿಗಳಾಗಿ, ದಾನಿಗಳಾಗಿ ಹಿಂದಿರುಗಿದರು. ನಾನು ಮೊದಲು ಹೇಳಿದ ಅಳತೆಗೋಲಿನಲ್ಲಿ ರಾತ್ರಿ ಶಾಲೆ ಪೂರ್ತಿ ಗೆದ್ದಿದೆ: ಅದು ನೆರವು ಪಡೆದವರನ್ನೇ ನೆರವು ಕೊಡುವವರನ್ನಾಗಿ ಮಾಡಿತು.

ಇಲ್ಲಿ ಗಂಭೀರವಾದ ಆಕ್ಷೇಪವೊಂದಿದೆ. ರಾತ್ರಿ ಶಾಲೆ ನಡೆಸಿದವರು, ಅದಕ್ಕೆ ದುಡ್ಡು ಕೊಟ್ಟವರು ಬಹುಮಟ್ಟಿಗೆ ಹೊಟೇಲು ಮಾಲೀಕರೇ. ಹುಡುಗರನ್ನು ಕಡಿಮೆ ಸಂಬಳಕ್ಕೆ ದುಡಿಸಿಕೊಂಡು, ರಾತ್ರಿ ಓದಲು ಬಿಟ್ಟು, ಅವರ ಅಸಮಾಧಾನವನ್ನು ತಣ್ಣಗಾಗಿಸಿದರು. ಮಧ್ಯಸ್ಥಿಕೆ ಎಂಬುದು ಅನ್ಯಾಯಕ್ಕೆ ಹಚ್ಚಿದ ಮುಲಾಮು ಎಂದು ವಾದಿಸಬಹುದು. ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ, ತಳ್ಳಿಹಾಕಬಾರದು ಕೂಡ. ಹದಿನಾಲ್ಕು ವರ್ಷದೊಳಗಿನ ಮಕ್ಕಳು ಹೊಟೇಲು, ಢಾಬಾಗಳಲ್ಲಿ ದುಡಿಯುವುದನ್ನು ನಮ್ಮ ದೇಶ ನಿಷೇಧಿಸಿದ್ದು 2006ರ ಅಕ್ಟೋಬರ್ 10ರಿಂದ. ಅಲ್ಲಿಯವರೆಗೆ ಅದು ತಪ್ಪೆಂದು ನಮ್ಮ ಸಂಘಗಳು ಗಟ್ಟಿಯಾಗಿ ಹೇಳಲಿಲ್ಲ. ಆದರೆ ಇದೇ ಹುಡುಗರ ನಡುವೆ ಇನ್ನೊಂದು ಬಗೆಯ ಮಧ್ಯಸ್ಥಿಕೆಯೂ ಹುಟ್ಟಿತು. ಮಂಗಳೂರಿನಲ್ಲಿ ಹೊಟೇಲು ಮತ್ತು ಸಾರಿಗೆ ಕಾರ್ಮಿಕರನ್ನು ಸಂಘಟಿಸಿ ಮುಂಬೈಗೆ ಬಂದ ಜಾರ್ಜ್ ಫರ್ನಾಂಡಿಸ್ ಇಲ್ಲಿ ಹೊಟೇಲು ಕಾರ್ಮಿಕರು, ಟ್ಯಾಕ್ಸಿ ಚಾಲಕರು, ಪಾಲಿಕೆ ನೌಕರರ ಯೂನಿಯನ್ನುಗಳನ್ನು ಬೆಳೆಸಿದರು. 1967ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬೈಯಲ್ಲಿ ಕಾಂಗ್ರೆಸ್ ನಾಯಕ ಸ.ಕಾ. ಪಾಟೀಲರನ್ನು ಸೋಲಿಸಿದರು. ಯೂನಿಯನ್ನೂ ನಡುವೆ ನಿಲ್ಲುವ ಸಂಸ್ಥೆಯೇ, ಆದರೆ ಅದು ಒಂದು ಪಕ್ಷ ಹಿಡಿದು ನಿಲ್ಲುತ್ತದೆ. ಬಲದಲ್ಲಿ ಅಜಗಜಾಂತರವಿರುವ ಇಬ್ಬರ ನಡುವೆ ಸರಿಯಾಗಿ ಮಧ್ಯದಲ್ಲಿ ನಿಂತವನು ಬಲಶಾಲಿಗೇ ಸಹಾಯ ಮಾಡುತ್ತಾನೆ ಎಂಬ ತಿಳಿವಳಿಕೆ ಅದರ ಬೆನ್ನಿಗಿದೆ. ರಾತ್ರಿ ಶಾಲೆ ಓದಿಸದಿದ್ದರೆ ಯೂನಿಯನ್ನಿನ ಕರಪತ್ರ ಓದುವವರು ಕಡಿಮೆಯಾಗುತ್ತಿದ್ದರು, ಯೂನಿಯನ್ ಇಲ್ಲದಿದ್ದರೆ ಓದಿದ ಹುಡುಗನಿಗೂ ಸಂಬಳದ ಮಾತೆತ್ತುವ ಧೈರ್ಯ ಬರುತ್ತಿರಲಿಲ್ಲ. ಎರಡೂ ಬೇಕಾಗಿದ್ದವು.

ಜಾತಿಯ ಆಕ್ಷೇಪ ಇನ್ನೂ ಆಳವಾದದ್ದು. ಮೊಗವೀರರಿಗೆ ಒಂದು, ಬಿಲ್ಲವರಿಗೆ ಒಂದು, ಬಂಟರಿಗೆ ಒಂದು ಎಂದು ಸಂಘ ಕಟ್ಟಿಕೊಂಡವರು ಪೌರತ್ವ ಕಲಿಸಿದರೆಂದು ಹೇಗೆ ಹೇಳುವುದು? ಮುಂಬೈಯ ಸಯನ್‌ನಲ್ಲಿ ಗೋಕುಲ ಇದೆ. 1925ರಲ್ಲಿ ಸ್ಥಾಪನೆಯಾದ ದಕ್ಷಿಣ ಕನ್ನಡ ಬ್ರಾಹ್ಮಣರ ಸಂಸ್ಥೆಯ ನೆಲೆ ಅದು. ಜಾತಿಯ ಹೆಸರು ಹೊತ್ತ ಶಾಲೆಗಳ ಬೆಂಚುಗಳಲ್ಲಿ ಹಲವು ಜಾತಿಯ ಹುಡುಗರು ಕೂತು ಓದಿದರು ಎಂಬ ಉತ್ತರ ನಿಜವೇ. ಆದರೆ ಅದು ಅರ್ಧ ಉತ್ತರ. ರಾಜಕೀಯ ಶಾಸ್ತ್ರಜ್ಞ ಆಶುತೋಷ್ ವಾರ್ಷ್ಣೆ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರತದ ಆರು ನಗರಗಳನ್ನು ಎರಡೆರಡಾಗಿ ಹೋಲಿಸಿ ನೋಡಿದರು: ಅಲಿಗಢ ಮತ್ತು ಕಲ್ಲಿಕೋಟೆ, ಹೈದರಾಬಾದ್ ಮತ್ತು ಲಖನೌ, ಅಹಮದಾಬಾದ್ ಮತ್ತು ಸೂರತ್. ಒಂದೇ ಸಮುದಾಯದೊಳಗಿನ ಸಂಘಗಳು ಎಷ್ಟೇ ಗಟ್ಟಿಯಿದ್ದರೂ ಕೋಮುಗಲಭೆಯನ್ನು ತಡೆಯಲಾರವು, ಹಿಂದೂ ಮುಸ್ಲಿಮರು ಇಬ್ಬರೂ ಸದಸ್ಯರಾಗಿರುವ ವರ್ತಕ ಸಂಘ, ಕಾರ್ಮಿಕ ಸಂಘ, ವಾಚನಾಲಯಗಳು ಇರುವಲ್ಲಿ ಕಿಡಿ ಬಿದ್ದರೂ ಬೆಂಕಿ ಹರಡುವುದಿಲ್ಲ ಎಂದು ಅವರು ಕಂಡುಕೊಂಡರು. ನೆರೆಹೊರೆಯ ನಗುಮುಖ ಮಾತ್ರ ದೊಡ್ಡ ನಗರದಲ್ಲಿ ಸಾಲದು, ಒಟ್ಟಿಗೆ ನಡೆಸುವ ಸಂಸ್ಥೆ ಬೇಕು. ನಮ್ಮ ಸಂಘಗಳ ಇತಿಹಾಸಕ್ಕೆ ಈ ಮಾತು ನೇರವಾಗಿ ತಾಗುತ್ತದೆ. ತನ್ನವರನ್ನು ನಗರಕ್ಕೆ ದಾಟಿಸುವ ಸೇತುವೆಯನ್ನು ನಾವು ಕಟ್ಟಿದೆವು. ಪಕ್ಕದ ಮನೆಗೆ ದಾಟುವ ಸೇತುವೆಯತ್ತ ನಾವು ಅಷ್ಟೊಂದು ಗಮನ ಕೊಡಲಿಲ್ಲ.

ಆ ಎರಡನೆಯ ಸೇತುವೆ ಏನು ಮಾಡಬಲ್ಲದು ಎಂಬುದಕ್ಕೆ ಸಾಕ್ಷ್ಯ ದೂರದಲ್ಲಿಲ್ಲ. ಮಗ್ಗಗಳ ಊರಾದ ಭಿವಂಡಿ 1970ರಲ್ಲಿ, ಮತ್ತೆ 1984ರಲ್ಲಿ ಭೀಕರ ಗಲಭೆ ಕಂಡಿತ್ತು. 1988ರಲ್ಲಿ ಅಲ್ಲಿಗೆ ಬಂದ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ ಬೀದಿ ಬೀದಿಗಳಲ್ಲಿ ಎರಡೂ ಸಮುದಾಯಗಳ ಜನರನ್ನು ಸೇರಿಸಿ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಅವುಗಳ ಸಭೆಗಳಲ್ಲಿ ಚರ್ಚೆಯಾಗುತ್ತಿದ್ದದ್ದು ಬಹುಪಾಲು ದಿನನಿತ್ಯದ ತಂಟೆಗಳು. 1992ರ ಡಿಸೆಂಬರಿನಲ್ಲಿ ಬಾಬರಿ ಮಸೀದಿ ಉರುಳಿದ ಮೇಲೆ ಮುಂಬೈ ಹೊತ್ತಿ ಉರಿಯಿತು. ಭಿವಂಡಿ ಶಾಂತವಾಗಿ ಉಳಿಯಿತು. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಆಯೋಗದ ವರದಿಯ ಪ್ರಕಾರ ಆ ಡಿಸೆಂಬರ್ ಮತ್ತು ಮುಂದಿನ ಜನವರಿಯಲ್ಲಿ ಮುಂಬೈಯಲ್ಲಿ ಸತ್ತವರು 900 ಮಂದಿ. ಸಯನ್‌ನ ಮಗ್ಗುಲಲ್ಲೇ ಇರುವ ಧಾರಾವಿಯೂ ಆಗ ಬೆಂದಿತ್ತು. ಅನಂತರ ನಿವೃತ್ತ ಪೊಲೀಸ್ ಅಧಿಕಾರಿ ಜೂಲಿಯೊ ರಿಬೆರೊ, ಸಮಾಜ ಕಾರ್ಯಕರ್ತೆ ಸುಶೋಭಾ ಬರ್ವೆ, ಅಂದಿನ ಪೊಲೀಸ್ ಕಮಿಷನರ್ ಸತೀಶ್ ಸಾಹನಿ ಮುಂತಾದವರ ಶ್ರಮದಿಂದ ಮುಂಬೈಯಲ್ಲೂ ಮೊಹಲ್ಲಾ ಸಮಿತಿಗಳ ಚಳವಳಿ ಬೆಳೆಯಿತು. ಧಾರಾವಿಯಲ್ಲಿ ಭಾವು ಕೊರ್ಡೆ ಮತ್ತು ವಕಾರ್ ಖಾನ್ ಎಂಬ ಇಬ್ಬರು ಗೆಳೆಯರು ಅದನ್ನು ಮನೆ ಬಾಗಿಲಿಗೆ ಒಯ್ದರು. ಬಟ್ಟೆ ವ್ಯಾಪಾರದ ವಕಾರ್ ಖಾನ್ ನಾಲ್ಕು ಧರ್ಮಗಳ ಉಡುಪಿನ ಮಕ್ಕಳ ಚಿತ್ರವಿರುವ ಪೋಸ್ಟರ್ ಮಾಡಿಸಿದರು. ಅದು ಪೊಲೀಸ್ ಠಾಣೆಗಳಲ್ಲೂ ಗೋಡೆಗಳಲ್ಲೂ ಕಾಣಿಸಿಕೊಂಡಿತು. ಅಂಜಲಿ ಮೊಂತೆರೊ ಮತ್ತು ಕೆ.ಪಿ. ಜಯಶಂಕರ್ 2003ರಲ್ಲಿ ತಯಾರಿಸಿದ ‘ನಾತಾ’ ಎಂಬ ಸಾಕ್ಷ್ಯಚಿತ್ರ ಈ ಇಬ್ಬರನ್ನು ಕುರಿತದ್ದು. ಇವರಿಗೆ ಹುದ್ದೆಯ ಅಧಿಕಾರವಿರಲಿಲ್ಲ. ಇಬ್ಬರೂ ಜೊತೆಯಾಗಿ ಬಂದರು ಎಂಬುದೇ ಅವರ ಮಾತಿಗೆ ತೂಕ ಕೊಟ್ಟಿತು.

ಇದೆಲ್ಲ ಸರಕಾರದ ಕೆಲಸ, ಸಮಾಜದ ಹೆಗಲಿಗೆ ಯಾಕೆ ಎನ್ನುವವರಿದ್ದಾರೆ. ಶಿಕ್ಷಕರನ್ನು ನೇಮಿಸುವುದು, ದಾಖಲೆ ಕೊಡುವುದು, ಗಲಭೆ ತಡೆಯುವುದು ತೆರಿಗೆ ಕೊಟ್ಟವನಿಗೆ ಸಿಗಬೇಕಾದ ಸೇವೆ. ಆ ಮಾತಿನಲ್ಲಿ ನ್ಯಾಯವಿದೆ. ಆದರೆ ಸರಕಾರವೊಂದೇ ಮಾಡಲಾರದ ಕೆಲಸವೊಂದಿದೆ ಎಂಬುದಕ್ಕೆ ಮುಂಬೈಯಲ್ಲೇ ನಡೆದ ಪ್ರಯೋಗವೊಂದು ಸಾಕ್ಷ್ಯ ಕೊಡುತ್ತದೆ. ಪಾಲಿಕೆಯ ಶಾಲೆಗಳಲ್ಲಿ ಪ್ರಥಮ್ ಸಂಸ್ಥೆ ಆರಂಭಿಸಿದ ಬಾಲಸಖಿ ಕಾರ್ಯಕ್ರಮವನ್ನು ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಹೋದ್ಯೋಗಿಗಳು ಮುಂಬೈ ಮತ್ತು ವಡೋದರಾದಲ್ಲಿ ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದೇ ಬಸ್ತಿಯ, ಶಾಲೆ ಮುಗಿಸಿದ ಯುವತಿಯೊಬ್ಬಳು ಮೂರನೆ, ನಾಲ್ಕನೆಯ ತರಗತಿಯ ಹಿಂದುಳಿದ ಇಪ್ಪತ್ತರಷ್ಟು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ ಮೂಲಪಾಠ ಹೇಳಿಕೊಡುತ್ತಿದ್ದಳು. ಎಲ್ಲರಿಗಿಂತ ಹಿಂದಿದ್ದ ಮಕ್ಕಳೇ ಹೆಚ್ಚು ಮುಂದೆ ಬಂದರು. ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ: ತರಗತಿಯಲ್ಲೇ ಉಳಿದು, ಸಂಖ್ಯೆ ಕಡಿಮೆಯಾಗಿ, ಶಿಕ್ಷಕರ ಗಮನ ಹೆಚ್ಚು ಪಡೆದ ಮಕ್ಕಳಲ್ಲಿ ಅಂಥ ಪ್ರಗತಿ ಕಾಣಲಿಲ್ಲ. ಅಂದರೆ ಕೆಲಸ ಮಾಡಿದ್ದು ಮಕ್ಕಳ ಸಂಖ್ಯೆ ಇಳಿದದ್ದಲ್ಲ, ಮಗು ನಿಂತ ಮೆಟ್ಟಿಲಿಗೆ ಇಳಿದುಬಂದ ಆ ಯುವತಿ. ಪ್ರಗತಿ ಒಂದು ವರ್ಷದ ಬಳಿಕ ಬಹಳಷ್ಟು ಕರಗಿತು ಎಂಬುದನ್ನೂ ಅದೇ ಅಧ್ಯಯನ ಹೇಳುತ್ತದೆ. ಅವಳಿಗೆ ಸಿಗುತ್ತಿದ್ದದ್ದು ತಿಂಗಳಿಗೆ 500ರಿಂದ 750 ರೂಪಾಯಿ. ಇಷ್ಟು ಅಗ್ಗದ ಸೇವೆ ಸಿಕ್ಕಾಗ ಖಾಯಂ ಶಿಕ್ಷಕರ ನೇಮಕವನ್ನು ಮುಂದೂಡುವ ಆಮಿಷ ಯಾವ ಸರಕಾರಕ್ಕಾದರೂ ಬರುತ್ತದೆ. ಅದಕ್ಕೆ ಅವಕಾಶ ಕೊಡಬಾರದು. ಮಧ್ಯಸ್ಥಳು ಶಿಕ್ಷಕಿಯ ಜೊತೆಗೆ ಇರಬೇಕಾದವಳು, ಶಿಕ್ಷಕಿಯ ಬದಲಿಗೆ ಅಲ್ಲ.

ಸರಕಾರ ಈ ನಡುವಿನ ಜಾಗವನ್ನು ಅರ್ಥಮಾಡಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದನ್ನು ರಾತ್ರಿ ಶಾಲೆಗಳೇ ತೋರಿಸಿವೆ. ಹಗಲಿನ ಶಾಲೆಯಲ್ಲಿ ದುಡಿಯುವ ಶಿಕ್ಷಕರು ರಾತ್ರಿ ಶಾಲೆಯಲ್ಲಿ ಪಾಠ ಮಾಡುವಂತಿಲ್ಲ ಎಂದು ಮಹಾರಾಷ್ಟ್ರ ಸರಕಾರ 2017ರಲ್ಲಿ ಆದೇಶ ಹೊರಡಿಸಿತು. ಒಬ್ಬರಿಗೆ ಎರಡು ಸಂಬಳ ಬೇಡ, ನಿರುದ್ಯೋಗಿಗಳಿಗೆ ಕೆಲಸ ಸಿಗಲಿ ಎಂಬ ತರ್ಕ ಲೆಕ್ಕದ ಪುಸ್ತಕದಲ್ಲಿ ಸರಿ. ಆದರೆ ವರ್ಷಗಟ್ಟಲೆ ಅಲ್ಲಿ ನಿಂತು ಹುಡುಗರ ಮಾಲೀಕರನ್ನೂ ಮನೆಯವರನ್ನೂ ಅರಿತಿದ್ದವರ ಜಾಗವನ್ನು ಹೊಸಬರ ನೇಮಕಪತ್ರ ಒಂದೇ ದಿನದಲ್ಲಿ ತುಂಬಲಾರದು.

ಭಾಷೆಯ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಲಾಗದು. 1956ರ ಏಳನೆಯ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಕರ್ಯ ಕಲ್ಪಿಸಲು ರಾಜ್ಯಗಳು ಪ್ರಯತ್ನಿಸಬೇಕೆನ್ನುತ್ತದೆ. ಮುಂಬೈ ಪಾಲಿಕೆ ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಶಾಲೆ ನಡೆಸಿದೆ. ಭಾರತದ ಬೇರಾವ ನಗರಕ್ಕೂ ಇದು ಮಾದರಿಯಾಗಬಲ್ಲದು. ಆ ಕನ್ನಡ ಶಾಲೆಗಳು ಇಂದು ಬಡವಾಗಿವೆ. ಕರಾವಳಿ ಮೂಲದ ಮಧ್ಯಮವರ್ಗದ ಮಕ್ಕಳು ಬಹುಕಾಲದಿಂದ ಇಂಗ್ಲಿಷ್ ಶಾಲೆಗಳಲ್ಲಿದ್ದಾರೆ. ಉಳಿದ ಕನ್ನಡ ಬೆಂಚುಗಳಲ್ಲಿ ಕೂತಿರುವವರು ಹೆಚ್ಚಾಗಿ ಉತ್ತರ ಕರ್ನಾಟಕದ ಕೂಲಿಕಾರರ ಮಕ್ಕಳು. ಕನ್ನಡ ಶಾಲೆ ಉಳಿಸಿ ಎಂದು ನಾವು ಸಭೆಗಳಲ್ಲಿ ನಿರ್ಣಯ ಮಾಡುವಾಗ ಆ ಬೆಂಚಿನ ಮೇಲೆ ಈಗ ಯಾರ ಮಕ್ಕಳಿದ್ದಾರೆ ಎಂಬುದನ್ನು ಕಣ್ಣಾರೆ ನೋಡಬೇಕು. ಆ ಮಕ್ಕಳು ಮರಾಠಿಗೆ ಹೋಗಬೇಕೋ ಕನ್ನಡದಲ್ಲೇ ಇರಬೇಕೋ ಎಂಬುದನ್ನು ನಾವು ತೀರ್ಮಾನಿಸುವುದೂ ಸರಿಯಲ್ಲ. ವರ್ಷದಲ್ಲಿ ಕೆಲವು ತಿಂಗಳು ಊರಿಗೆ ಹೋಗುವ ಕುಟುಂಬಕ್ಕೆ ಕನ್ನಡ ಬೇಕು, ಇಲ್ಲೇ ನಿಲ್ಲುವ ಕುಟುಂಬಕ್ಕೆ ಮರಾಠಿ ಬೇಗ ಬೇಕು. ಇದನ್ನು ಕೇಳಿ ತಿಳಿಯಲು ಅವರ ಮಾತು ಬಲ್ಲವರು ಅವರ ಬಳಿ ಕೂರಬೇಕು.

ಕಾನೂನು ಇತ್ತೀಚೆಗೆ ಈ ದಿಕ್ಕಿಗೆ ಒಂದು ಹೆಜ್ಜೆ ಇಟ್ಟಿದೆ. 2023ರ ಮಧ್ಯಸ್ಥಿಕೆ ಕಾಯಿದೆಯಲ್ಲಿ ಸಮುದಾಯ ಮಧ್ಯಸ್ಥಿಕೆ ಎಂಬ ಅಧ್ಯಾಯವಿದೆ: ಒಂದು ಪ್ರದೇಶದ ನೆಮ್ಮದಿ ಕೆಡಿಸಬಹುದಾದ ವಿವಾದವನ್ನು ಎರಡೂ ಪಕ್ಷಗಳ ಒಪ್ಪಿಗೆಯಿಂದ ಮೂವರು ಮಧ್ಯಸ್ಥರ ಮುಂದೆ ಇಡಬಹುದು. ಅಲ್ಲಿ ಆದ ಒಪ್ಪಂದಕ್ಕೆ ಕೋರ್ಟಿನ ಡಿಕ್ರಿಯ ಬಲವಿಲ್ಲ. ಇದನ್ನು ದೌರ್ಬಲ್ಯವೆಂದು ಹಲವರು ಹೇಳುತ್ತಾರೆ, ಆದರೆ ಆ ಬಲ ಕೊಡದಿರುವುದೇ ನನಗೆ ಸರಿಯೆನಿಸುತ್ತದೆ. ಊರ ಹಿರಿಯರ ಮಾತಿಗೆ ಡಿಕ್ರಿಯ ಬಲ ಬಂದ ದಿನ ಅದು ಹೆಣ್ಣುಮಕ್ಕಳ ಮೇಲೆ, ಜಾತಿ ಮೀರಿ ಮದುವೆಯಾದವರ ಮೇಲೆ ತಿರುಗಲು ಹೆಚ್ಚು ಹೊತ್ತು ಬೇಡ. ಅದಕ್ಕೆ ಹೋಲಿಸಿದರೆ ಶಿಕ್ಷಣ ಹಕ್ಕು ಕಾಯಿದೆಯ 21ನೆಯ ಕಲಮಿನ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ನನಗೆ ಹೆಚ್ಚು ಭರವಸೆ. ಅದರ ಮುಕ್ಕಾಲು ಪಾಲು ಸದಸ್ಯರು ತಂದೆತಾಯಂದಿರು, ಅರ್ಧದಷ್ಟು ಮಹಿಳೆಯರು. ಬೇರೆ ಬೇರೆ ಜಾತಿ, ಧರ್ಮ, ಭಾಷೆಗಳ ತಾಯಂದಿರು ಒಂದೇ ಮೇಜಿನ ಸುತ್ತ ಕೂತು ಶೌಚಾಲಯದ ನೀರು, ಬಿಸಿಯೂಟದ ಅಕ್ಕಿಯ ಬಗ್ಗೆ ಮಾತಾಡುವ ಜಾಗ ಅದು. ವಾರ್ಷ್ಣೆ ಹೇಳಿದ ‘ಒಟ್ಟಿಗೆ ನಡೆಸುವ ಸಂಸ್ಥೆ’ ಬಡಾವಣೆ ಬಡಾವಣೆಯಲ್ಲೂ ಕಾಗದದ ಮೇಲೆ ಆಗಲೇ ಇದೆ.

ಹಾಗಾದರೆ ಮಾಟುಂಗಾ, ಸಯನ್, ವಡಾಲಾ, ಚೆಂಬೂರುಗಳ ಕನ್ನಡ ಸಂಘಗಳು ಏನು ಮಾಡಬಹುದು? ಹೊಸ ಕಟ್ಟಡ ಬೇಡ, ದೊಡ್ಡ ನಿಧಿಯೂ ಬೇಡ. ನಿವೃತ್ತ ಬ್ಯಾಂಕ್ ನೌಕರರು, ರಾತ್ರಿ ಶಾಲೆಯ ಮಾಸ್ತರರು, ಮರಾಠಿ ಕನ್ನಡ ಎರಡೂ ಬಲ್ಲ ಗೃಹಿಣಿಯರು ಈ ಸಂಘಗಳಲ್ಲಿ ನೂರಾರು ಮಂದಿ ಇದ್ದಾರೆ. ಅವರಲ್ಲಿ ಇಬ್ಬರು ಮೂವರು ಹತ್ತಿರದ ಪಾಲಿಕೆ ಶಾಲೆಯ ಜೊತೆ ನಂಟು ಬೆಳೆಸಿ, ವಲಸೆ ಕುಟುಂಬಗಳ ಜೊತೆ ಹೋಗಿ ಪ್ರವೇಶ ಅರ್ಜಿ ತುಂಬಿಸಿ, ತಾಯಂದಿರು ಶಾಲಾ ಸಮಿತಿಯ ಸಭೆಯಲ್ಲಿ ತಾವೇ ಮಾತಾಡುವವರೆಗೆ ಪಕ್ಕದಲ್ಲಿ ಕೂರಬಹುದು. ಜಾತಿ ಸಂಘಗಳು ತಮ್ಮ ಹೆಸರು ಬಿಡಬೇಕಾಗಿಲ್ಲ. ಈ ಕೆಲಸವನ್ನು ಮೂರು ನಾಲ್ಕು ಸಂಘಗಳು ಕೂಡಿ, ಪಕ್ಕದ ಮರಾಠಿ, ಉರ್ದು, ತಮಿಳು ಸಂಸ್ಥೆಗಳನ್ನು ಜೊತೆಗೆ ಕರೆದು ಮಾಡಿದರೆ ಸಾಕು. ಸಮಯದ ಬಗ್ಗೆ ಮಾತ್ರ ಎಚ್ಚರವಿರಲಿ. ನಮ್ಮ ಸಂಘಗಳು ಪುಸ್ತಕ ಹಂಚುವುದು, ವಿದ್ಯಾರ್ಥಿವೇತನ ಕೊಡುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಕೂಲಿಯ ಕುಟುಂಬಗಳು ಮಳೆಗಾಲದ ಬೆಳೆ ಮುಗಿಸಿ ಊರು ಬಿಡುವುದು ದೀಪಾವಳಿಯ ಆಸುಪಾಸಿನಲ್ಲಿ. ಶಿಕ್ಷಣ ಹಕ್ಕು ಕಾಯಿದೆಯ 15ನೆಯ ಕಲಮನ್ನು ಹಿಡಿದುಕೊಂಡು ಶಾಲೆಯ ಕಚೇರಿಗೆ ಹೋಗಬೇಕಾದ ತಿಂಗಳು ನವೆಂಬರ್, ಅದೂ ನಾವು ರಾಜ್ಯೋತ್ಸವದ ಕಾರ್ಯಕ್ರಮಗಳಲ್ಲಿ ಮುಳುಗಿರುವ ವಾರಗಳಲ್ಲಿ. ಕಾರ್ಯಕ್ರಮ ಪಟ್ಟಿಯಲ್ಲಿ ಆ ಕೆಲಸಕ್ಕೂ ಎರಡು ಶನಿವಾರ ಮೀಸಲಿಡಬೇಕೆಂದು ಇಲ್ಲಿರುವ ಸಂಘಗಳ ಪದಾಧಿಕಾರಿಗಳನ್ನು ಕೇಳಿಕೊಳ್ಳುತ್ತೇನೆ.